ಹಿತ್ತಾಳೆ ಕೇಸು ಗುಂಡಿನ ಕವಚವಾದ ಕತೆ

(ಲೋಹದ ಕೆಲಸದಲ್ಲಿ ಆಸಕ್ತಿ ಇರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಒಂದು ಹವ್ಯಾಸ ಇದೆ. ಗುಂಡು ಹಾರಿಸಿದ ಮೇಲೆ ನೆಲಕ್ಕೆ ಬೀಳುವ ಖಾಲಿ ಹಿತ್ತಾಳೆ ಕೇಸು ಇರುತ್ತದಲ್ಲ, ಅದನ್ನು ಆರಿಸಿಕೊಂಡು ಬಂದು, ಒಳಗೆ ಸೀಸ ತುಂಬಿ, ಅಚ್ಚಿನಲ್ಲಿ ಒತ್ತಿ, ಇನ್ನೊಂದು ಪಿಸ್ತೂಲಿಗೆ ಗುಂಡು ಮಾಡಿಕೊಳ್ಳುತ್ತಾರೆ. ಗುಂಡು, ಮದ್ದು, ಕೇಸು ಎಲ್ಲ ಸೇರಿದರೆ ಕಾಡತೂಸು. ಅಂದರೆ ಒಂದು ಕಾಡತೂಸಿನ ಚಿಪ್ಪು ಇನ್ನೊಂದು ಕಾಡತೂಸಿನ ಗುಂಡಿಗೆ ಕವಚ. ಕೇಳಿದರೆ ಚಮತ್ಕಾರ ಅನಿಸುತ್ತದೆ. ಆದರೆ ಅದರ ಹಿಂದೆ ಇರುವುದು ನಿಮ್ಮ ಪಠ್ಯಪುಸ್ತಕದಲ್ಲೇ ಇರುವ ವಿಷಯ: ಹಿತ್ತಾಳೆಯನ್ನು ಒತ್ತಿದರೆ ಏನಾಗುತ್ತದೆ, ಕಾಯಿಸಿದರೆ ಏನಾಗುತ್ತದೆ.

ಮಾಡುವ ವಿಧಾನ ಹೇಳಿಕೊಡಲು ನಾನು ಬಂದಿಲ್ಲ. ನಮ್ಮ ದೇಶದಲ್ಲಿ ಅದು ಅಪರಾಧ, ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಇವತ್ತಿನ ಮಾತೆಲ್ಲ ಲೋಹದ್ದು.

ಮೊದಲು ಕವಚ ಯಾಕೆ ಬೇಕಾಯಿತು ಅಂತ ನೋಡೋಣ. ನೂರಾರು ವರ್ಷ ಗುಂಡು ಅಂದರೆ ಬರೀ ಸೀಸ. ಮೆತ್ತಗಿನ ಲೋಹ, 327 ಡಿಗ್ರಿಗೇ ಕರಗುತ್ತದೆ, ಅಡುಗೆಮನೆಯ ಒಲೆಯಲ್ಲೇ ಎರಕ ಹೊಯ್ಯಬಹುದಿತ್ತು. ಕಪ್ಪು ಮದ್ದಿನ ಕಾಲದಲ್ಲಿ ಗುಂಡಿನ ವೇಗ ಕಡಿಮೆ, ಹಾಗಾಗಿ ಸೀಸ ನಡೆಯಿತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆ ಇಲ್ಲದ ಮದ್ದು ಕಂಡುಹಿಡಿದ. ಗುಂಡಿನ ವೇಗ ಒಂದೇ ಸಲಕ್ಕೆ ಏರಿತು. ಆ ವೇಗಕ್ಕೆ ಸೀಸ ತಡೆಯಲಿಲ್ಲ. ನಳಿಗೆಯ ಒಳಗಿನ ಸುರುಳಿ ಗೀರುಗಳನ್ನು ಹಿಡಿದು ತಿರುಗುವ ಬದಲು ಸವೆದು, ಗೀರಿಗೇ ಮೆತ್ತಿಕೊಂಡಿತು. ಹತ್ತಾರು ಗುಂಡು ಹಾರಿಸುವುದರೊಳಗೆ ಗುರಿ ಕೆಡುತ್ತಿತ್ತು.

ಪರಿಹಾರ ಅದಕ್ಕಿಂತ ಸ್ವಲ್ಪ ಮೊದಲೇ ಸಿಕ್ಕಿತ್ತು. ಸ್ವಿಟ್ಜರ್ಲೆಂಡಿನ ಸೇನಾಧಿಕಾರಿ ಎಡುವರ್ಡ್ ರೂಬಿನ್ 1882ರಲ್ಲೇ ಸೀಸದ ತಿರುಳಿಗೆ ತಾಮ್ರದ ಕವಚ ತೊಡಿಸಿದ್ದ. ತೂಕಕ್ಕೆ ಸೀಸ, ಗೀರು ಹಿಡಿಯಲು ತಾಮ್ರ. ಮುಂದೆ ಹಲವು ದೇಶಗಳು ತಾಮ್ರಕ್ಕೆ ನಿಕಲ್ ಬೆರೆಸಿ ಕವಚ ಮಾಡಿದವು. ಅದು ನಳಿಗೆಯೊಳಗೆ ಗಂಟುಗಂಟಾಗಿ ಅಂಟಿಕೊಂಡು ಸಿಪಾಯಿಗಳಿಗೆ ತಲೆನೋವಾಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಗಿಲ್ಡಿಂಗ್ ಮೆಟಲ್ ಕಡೆಗೆ ಹೊರಳಿತು. 95 ಪಾಲು ತಾಮ್ರ, 5 ಪಾಲು ಸತು. ಇವತ್ತಿಗೂ ಕಾರ್ಖಾನೆ ಗುಂಡಿನ ಕವಚ ಹೆಚ್ಚಾಗಿ ಇದೇ. ಈ 95–5 ಅನ್ನುವ ಲೆಕ್ಕ ನೆನಪಿಟ್ಟುಕೊಳ್ಳಿ, ಇನ್ನೊಂದು ಕಡೆ ಬರುತ್ತದೆ.

ಕವಚದ ಮಾತು ಬಂದಾಗ ಕೋಲ್ಕತ್ತದ ಪಕ್ಕದ ಡಮ್‌ಡಮ್ ಬಿಟ್ಟು ಮುಂದೆ ಹೋಗಲಾಗದು. 1857ರ ಜನವರಿಯಲ್ಲಿ ಕೊಬ್ಬು ಸವರಿದ ಕಾಡತೂಸಿನ ಸುದ್ದಿ ಹಬ್ಬಿದ್ದು ಅಲ್ಲಿಂದ. ಅದಾಗಿ ನಲವತ್ತು ವರ್ಷಕ್ಕೆ ಅದೇ ಡಮ್‌ಡಮ್ ಊರಿನ ಮದ್ದುಗುಂಡಿನ ಕಾರ್ಖಾನೆ ಮತ್ತೆ ಸುದ್ದಿಯಾಯಿತು. ಪೂರ್ತಿ ಕವಚದ ಗುಂಡು ಮೈಯನ್ನು ನೇರ ತೂರಿಕೊಂಡು ಹೋಗುತ್ತದೆ, ಎದುರಾಳಿ ನಿಲ್ಲುವುದಿಲ್ಲ ಅಂತ 1895ರ ಚಿತ್ರಾಲ್ ಕಾಳಗದ ನಂತರ ಬ್ರಿಟಿಷ್ ಸೇನೆ ದೂರಿತು. ಕ್ಯಾಪ್ಟನ್ ಬರ್ಟಿ-ಕ್ಲೇ ಅನ್ನುವವನು ಕವಚದ ತುದಿಯನ್ನು ತೆರೆದು ಸೀಸವನ್ನು ಸ್ವಲ್ಪ ಹೊರಗೆ ಬಿಟ್ಟ. ಮೈಗೆ ತಾಗಿದ ಕೂಡಲೇ ಅರಳುವ ಗುಂಡು ಅದು. ವಾಯವ್ಯ ಗಡಿಯ ಜನರ ಮೇಲೆ ಅದನ್ನು ಬಳಸಿದರು. 1899ರಲ್ಲಿ ಹೇಗ್ ಸಮ್ಮೇಳನ ಯುದ್ಧದಲ್ಲಿ ಅಂಥ ಗುಂಡು ಬಳಸಬಾರದು ಅಂತ ಘೋಷಿಸಿತು. ಬ್ರಿಟನ್ ಆಗ ಒಪ್ಪಲಿಲ್ಲ, ಒಪ್ಪಿದ್ದು 1907ರಲ್ಲಿ. ನಾಗರಿಕತೆಯ ಪಾಠ ಹೇಳುತ್ತಿದ್ದವರಿಗೆ ಎಂಟು ವರ್ಷ ಬೇಕಾಯಿತು!

ಇಲ್ಲಿ ತಾಂತ್ರಿಕವಾಗಿ ಗಮನಿಸಬೇಕಾದದ್ದು ಒಂದಿದೆ. ಕವಚ ಮುಂದೂ ತೆರೆದಿದ್ದು ಹಿಂದೂ ತೆರೆದಿದ್ದರೆ ಅದು ಬರೀ ಕೊಳವೆ. ಹಿಂದಿನಿಂದ ಮದ್ದಿನ ಅನಿಲ ನೂಕಿದಾಗ ಸೀಸ ಮಾತ್ರ ಹಾರಿಹೋಗಿ ಕವಚ ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಮುಂದಿನ ಗುಂಡು ಅದಕ್ಕೆ ಬಡಿದರೆ ಕೋವಿಯೇ ಸಿಡಿಯುತ್ತದೆ. ಆದ್ದರಿಂದ ತುದಿ ತೆರೆದ ಗುಂಡಿಗೆ ಹಿಂಭಾಗ ಮುಚ್ಚಿರಲೇಬೇಕು. ಖಾಲಿ ಕೇಸಿಗೆ ಹುಟ್ಟಿನಿಂದಲೇ ಒಂದು ಮುಚ್ಚಿದ ತಳ ಇದೆ. ಅದು ಕವಚವಾಗಲು ಲಾಯಕ್ಕಾಗಿದ್ದಕ್ಕೆ ಇದು ಮೊದಲ ಕಾರಣ.

ಇನ್ನು ಅಮೆರಿಕಕ್ಕೆ ಹೋಗೋಣ. ಎರಡನೇ ಮಹಾಯುದ್ಧದ ಕಾಲ. ತಾಮ್ರ, ಸೀಸ ಎಲ್ಲ ಸೇನೆಗೆ ಹೋಗುತ್ತಿತ್ತು. ಎಷ್ಟರ ಮಟ್ಟಿಗೆ ಅಂದರೆ 1943ರಲ್ಲಿ ಅಲ್ಲಿನ ಒಂದು ಸೆಂಟಿನ ನಾಣ್ಯವನ್ನು ಸತು ಲೇಪಿಸಿದ ಉಕ್ಕಿನಲ್ಲಿ ಹೊಡೆದರು. ಬೇಟೆ, ಗುರಿ ಅಭ್ಯಾಸ ಮಾಡುವ ಸಾಮಾನ್ಯ ಜನಕ್ಕೆ ಕವಚದ ಗುಂಡು ಸಿಗುವ ಮಾತೇ ಇರಲಿಲ್ಲ. ಆದರೆ ಅವರ ಬಳಿ ಒಂದು ಸಾಮಾನು ಬೇಕಾದಷ್ಟಿತ್ತು: ಹಾರಿಸಿ ಬಿಸಾಡಿದ .22 ಕೇಸು. (.22, .40, .45 ಅನ್ನುವುದೆಲ್ಲ ಇಂಚಿನ ಲೆಕ್ಕದ ಅಳತೆ.)

ಕ್ಯಾಲಿಫೋರ್ನಿಯಾದ ಓರೋವಿಲ್ ಊರಿನ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ, ಅಪ್ಪನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಈ ಕೇಸುಗಳನ್ನು ಕವಚ ಮಾಡಿ ಗುಂಡು ಒತ್ತುವ ಅಚ್ಚು ಮಾಡಿದ. ರಾಕ್ ಚಕ್ ಅಂತ ಅಲ್ಲಿನ ಬೆಟ್ಟಗಳಲ್ಲಿ ಒಂದು ದೊಡ್ಡ ಅಳಿಲಿನ ಜಾತಿಯ ಪ್ರಾಣಿ ಇದೆ, ಅದರ ಬೇಟೆಗೆ ಬೇಕಾಗಿದ್ದ ಗುಂಡು. ಹಾಗಾಗಿ ಅಚ್ಚಿನ ಹೆಸರು ರಾಕ್ ಚಕ್ ಬುಲೆಟ್ ಸ್ವೇಜ್. ಅದರ ಮೊದಲಕ್ಷರಗಳೇ ಆರ್‌ಸಿಬಿಎಸ್. ಕಾಡತೂಸು ಮರುಭರ್ತಿ ಮಾಡುವ ಉಪಕರಣಗಳಲ್ಲಿ ಇವತ್ತು ದೊಡ್ಡ ಹೆಸರು ಅದು. ತಮಾಷೆ ಅಂದರೆ, ಯಾವ ಅಚ್ಚಿನಿಂದ ಆ ಹೆಸರು ಬಂತೋ ಆ ಕೆಲಸವನ್ನು ಕಂಪನಿ ಮುಂದೆ ಕೈಬಿಟ್ಟಿತು.

ಅದೇ ಹೊತ್ತಿಗೆ ವರ್ನನ್ ಸ್ಪೀರ್ ಮತ್ತು ಜಾಯ್ಸ್ ಹಾರ್ನಡಿ ಅನ್ನುವ ಇಬ್ಬರು ಕೂಡ ಇದೇ .22 ಕೇಸಿಗೆ ಕೈ ಹಾಕಿದರು. ಜಾಯ್ಸ್ ಅಂದರೆ ಇಲ್ಲಿ ಗಂಡಸು, ಗೊಂದಲ ಬೇಡ. ಸ್ಪೀರ್ ಐಡಾಹೊ ರಾಜ್ಯದ ಲೂಯಿಸ್ಟನ್‌ನಲ್ಲಿ ನೆಲೆಯಾದ. ಹಾರ್ನಡಿ 1949ರಲ್ಲಿ ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನಲ್ಲಿ ಸ್ವಂತ ಕಂಪನಿ ತೆರೆದ. ಇವತ್ತು ಅಮೆರಿಕದ ದೊಡ್ಡ ಗುಂಡು ತಯಾರಕರಲ್ಲಿ ಈ ಎರಡೂ ಹೆಸರು ಇವೆ. ಮೂರು ದೊಡ್ಡ ಕಂಪನಿಗಳ ಮೊದಲ ಬಂಡವಾಳ ಗುಜರಿ ಹಿತ್ತಾಳೆ. ದುಡ್ಡಿದ್ದವರು ಕಾಯುತ್ತಾ ಕೂತಿದ್ದಾಗ ಇವರು ನೆಲ ಗುಡಿಸಿದರು ಅಂತ ನನಗೆ ಅನಿಸುತ್ತದೆ.

ಆದರೆ ಯಾಕೆ .22 ಕೇಸೇ ಆಗಬೇಕು? ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ನಿಧಾನ ಹೇಳುತ್ತೇನೆ.

ಈಗಿನ ಕಾಡತೂಸುಗಳಲ್ಲಿ ಗುಂಡಿನ ಬುಡ ಕೇಸಿನ ಬಾಯಿಯ ಒಳಗೆ ಕೂರುತ್ತದೆ. ಆದ್ದರಿಂದ ಕೇಸು ಯಾವಾಗಲೂ ಗುಂಡಿಗಿಂತ ದಪ್ಪ. ಅದನ್ನು ಅದೇ ಅಳತೆಯ ನಳಿಗೆಗೆ ಕವಚ ಮಾಡಲು ಆಗುವುದಿಲ್ಲ. .22 ಹಾಗಲ್ಲ. ಸ್ಮಿತ್ ಅಂಡ್ ವೆಸ್ಸನ್ ಕಂಪನಿ 1857ರಲ್ಲಿ ತಂದ ಕಾಡತೂಸು .22 ಶಾರ್ಟ್‌ನಿಂದ ಬಂದ ಹಳೇ ವಿನ್ಯಾಸ ಅದು. 1887ರ .22 ಲಾಂಗ್ ರೈಫಲ್ ಕೂಡ ಹಾಗೇ. ಅದರ ಗುಂಡಿನ ಹಿಂಭಾಗವನ್ನು ಸಣ್ಣ ಮಾಡಿ ಕೇಸಿಗೆ ಸಿಕ್ಕಿಸುತ್ತಾರೆ. ಹೊರಗೆ ಕಾಣುವ ಗುಂಡು ಮತ್ತು ಕೇಸು ಒಂದೇ ದಪ್ಪ. ಬೆರಳಲ್ಲಿ ಸವರಿದರೆ ಮೆಟ್ಟಿಲು ಸಿಗುವುದಿಲ್ಲ. ಅಂದರೆ ಖಾಲಿ .22 ಕೇಸಿನ ಹೊರ ಅಳತೆ ಹೆಚ್ಚುಕಡಿಮೆ .22 ನಳಿಗೆಯ ಅಳತೆಯೇ, ಸುಮಾರು 5.7 ಮಿಲಿಮೀಟರ್. 1857ರಲ್ಲಿ ಯಾರೋ ಮಾಡಿದ ಒಂದು ವಿನ್ಯಾಸದ ತೀರ್ಮಾನ, 86 ವರ್ಷ ಬಿಟ್ಟು ಒಂದು ಲಾಂಡ್ರಿಯ ಹಿಂದೆ ಉಪಯೋಗಕ್ಕೆ ಬಂತು.

ಅಡ್ಡಿ ಇರುವುದು ಅದರ ಅಂಚು ಮಾತ್ರ. .22 ಕೇಸಿನ ತಳದಲ್ಲಿ ಹೊರಚಾಚಿದ ಮಡಿಕೆಯಂಥ ಅಂಚು ಇರುತ್ತದೆ, ಹೊತ್ತಿಸುವ ರಾಸಾಯನಿಕ ತುಂಬುವುದು ಅದರೊಳಗೆ. ಕೇಸನ್ನು ಒಂದು ಬಿಗಿಯಾದ ಉಂಗುರದ ಮೂಲಕ ತಳ್ಳಿದಾಗ ಆ ಮಡಿಕೆ ಬಿಚ್ಚಿಕೊಂಡು ಗೋಡೆಯಲ್ಲಿ ಸೇರಿಹೋಗುತ್ತದೆ. ಪರದೆ ಮೇಲೆ ಈ ಚಿತ್ರ ನೋಡಿ. ಹಾಗೆ ಮಾಡಿದ ಗುಂಡಿನ ತಳ ಇದು. ನಡುವೆ ಮಸುಕಾಗಿ ಒಂದು ಅಕ್ಷರ ಕಾಣುತ್ತದಲ್ಲ? ಮೂಲ ಕಾಡತೂಸು ಮಾಡಿದ ಕಾರ್ಖಾನೆಯ ಮುದ್ರೆ ಅದು. ಪಕ್ಕದಲ್ಲಿ ಕೋವಿಯ ಸೂಜಿ ಬಡಿದ ತಗ್ಗಿನ ಗುರುತು ಸ್ವಲ್ಪ ಉಳಿದಿದೆ. ಎಷ್ಟು ಒತ್ತಿದರೂ ಪೂರ್ತಿ ಅಳಿಸಿಲ್ಲ.

ಈಗ ಹಿತ್ತಾಳೆಯ ಸ್ವಭಾವಕ್ಕೆ ಬರೋಣ. ಮೇಜಿನ ಮೇಲೆ ಹಿತ್ತಾಳೆ ಪಟ್ಟಿಗಳಿವೆ, ಒಂದೊಂದು ತೆಗೆದುಕೊಳ್ಳಿ. ಮೊದಲ ಸಲ ಬಗ್ಗಿಸಿ. ಸುಲಭ. ಈಗ ಅದೇ ಜಾಗದಲ್ಲಿ ನೇರ ಮಾಡಲು ನೋಡಿ. ಆಗುತ್ತಿಲ್ಲ ಅಲ್ವಾ? ಮಡಿಸಿದ ಜಾಗ ಹಾಗೇ ಉಳಿದು ಅದರ ಅಕ್ಕಪಕ್ಕ ಬಗ್ಗುತ್ತದೆ. ಬಗ್ಗಿದ ಜಾಗ ಗಟ್ಟಿಯಾಗಿದೆ. ಇನ್ನೂ ನಾಲ್ಕು ಸಲ ಮಾಡಿದರೆ ಲಟಕ್ಕನೆ ಮುರಿಯುತ್ತದೆ. ಇನ್ನೊಂದು ಪಟ್ಟಿಯನ್ನು ಒಮ್ಮೆ ಬಗ್ಗಿಸಿ, ಈ ಬರ್ನರ್ ಉರಿಯಲ್ಲಿ ಕೆಂಪು ಮಾಡಿ, ಆರಿಸಿ ಕೊಡುತ್ತೇನೆ. ಹಿಡಿದು ನೋಡಿ, ಮತ್ತೆ ಮೆತ್ತಗಾಗಿದೆ.

ನಮ್ಮ ಕಂಚುಗಾರರಿಗೆ ಇದು ಹೊಸದಲ್ಲ. ತಾಮ್ರದ ಹಂಡೆ ಬಡಿಯುವವರು ಒಂದಷ್ಟು ಹೊತ್ತು ಬಡಿದು, ತಗಡು ಬಿರುಸಾಯಿತು ಅನಿಸಿದಾಗ ಮತ್ತೆ ಒಲೆಗೆ ಇಡುತ್ತಾರೆ. ಹದ ಬಂದ ಮೇಲೆ ಮತ್ತೆ ಸುತ್ತಿಗೆ. ಒಳಗೆ ನಡೆಯುವುದು ಏನು? ಬಡಿದಾಗ ಲೋಹದ ಹರಳುಗಳೊಳಗೆ ಪರಮಾಣುಗಳ ಸಾಲು ಸರಿಯುತ್ತದೆ. ಸರಿದು ಸರಿದು ಸಾಲುಗಳು ಒಂದಕ್ಕೊಂದು ಸಿಕ್ಕುಹಾಕಿಕೊಳ್ಳುತ್ತವೆ, ಇನ್ನು ಸರಿಯಲು ಜಾಗವಿಲ್ಲ. ಅದೇ ಗಟ್ಟಿತನ. ಕಾಯಿಸಿದರೆ ಹೊಸ ಹರಳು ಹುಟ್ಟಿ ಸಿಕ್ಕು ಬಿಡುತ್ತದೆ.

ಕಾಡತೂಸಿನ ಹಿತ್ತಾಳೆ ಅಂದರೆ 70 ಪಾಲು ತಾಮ್ರ, 30 ಪಾಲು ಸತು. ಆಳವಾಗಿ ಎಳೆದು ಬಟ್ಟಲು ಮಾಡಲು ಇದಕ್ಕಿಂತ ಒಳ್ಳೆ ಲೋಹ ಸಿಗುವುದು ಕಷ್ಟ. ದುಂಡನೆಯ ಬಿಲ್ಲೆಯನ್ನು ಬಟ್ಟಲು ಮಾಡಿ, ಕಾಯಿಸಿ, ಇನ್ನೂ ಎಳೆದು, ಮತ್ತೆ ಕಾಯಿಸಿ ಕೇಸು ಮಾಡುತ್ತಾರೆ. ಕೊನೆಯ ಎಳೆತದ ಬಿಗಿ ಬೇಕೆಂದೇ ಸ್ವಲ್ಪ ಉಳಿಸುತ್ತಾರೆ, ಕೇಸಿಗೆ ಸ್ಪ್ರಿಂಗಿನ ಗುಣ ಬೇಕಲ್ಲ. ಗುಂಡು ಹಾರಿದಾಗ ಉಬ್ಬಿ ನಳಿಗೆಯ ಗೋಡೆಗೆ ಒತ್ತಿಕೊಳ್ಳಬೇಕು, ಮರುಕ್ಷಣ ಕುಗ್ಗಿ ಸಲೀಸಾಗಿ ಹೊರಬರಬೇಕು.

ಆ ಉಳಿಸಿದ ಬಿಗಿ ಒಮ್ಮೆ ಇಂಡಿಯಾದಲ್ಲೇ ಕೈಕೊಟ್ಟಿತ್ತು. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕಾಡತೂಸಿನ ಪೆಟ್ಟಿಗೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ನಿಂತು ತೆಗೆದು ನೋಡಿದರೆ ಯಾರೂ ಮುಟ್ಟದ ಕೇಸುಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಹವೆಯ ದೋಷ ಅಂತಲೇ ಅಂದುಕೊಂಡಿದ್ದರು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಅನ್ನುವ ಮೂವರು ಗುಟ್ಟು ಬಿಡಿಸಿದರು. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ತೇವದ ಹವೆ, ಲೋಹದೊಳಗೆ ಉಳಿದ ಆ ಬಿಗಿ, ಮೂರೂ ಸೇರಿದಾಗ ಹಿತ್ತಾಳೆ ಸೀಳುತ್ತದೆ. ಮೂರರಲ್ಲಿ ಒಂದನ್ನು ತೆಗೆದರೆ ಸಾಕು. ಕುದುರೆಯನ್ನೂ ಮಳೆಯನ್ನೂ ಬದಲಿಸುವುದಕ್ಕಿಂತ ಕೇಸನ್ನು ಹದವಾಗಿ ಕಾಯಿಸಿ ಬಿಗಿ ಇಳಿಸುವುದು ಸುಲಭ. ಇವತ್ತಿಗೂ ಸೇನೆಯ ರೈಫಲ್ ಕೇಸುಗಳ ಕುತ್ತಿಗೆಯ ಹತ್ತಿರ ನೀಲಿ–ಕಂದು ಛಾಯೆ ಕಾಣುತ್ತದೆ. ಕಾಯಿಸಿದ ಗುರುತು, ಅದನ್ನು ಉಜ್ಜಿ ತೆಗೆಯುವುದಿಲ್ಲ. ಹಿತ್ತಾಳೆ ಸಾಮಾನನ್ನು ಅಮೋನಿಯಾ ಇರುವ ದ್ರಾವಣದಲ್ಲಿ ತೊಳೆಯಬೇಡಿ ಅನ್ನುವುದೂ ಇದೇ ಕಾರಣಕ್ಕೆ.

ಕೇಸನ್ನು ಕವಚ ಮಾಡುವವರಿಗೂ ಇದೇ ಸ್ಪ್ರಿಂಗಿನ ಗುಣ ಎದುರಾಗುತ್ತದೆ. ಒಳಗೆ ಹಾಕುವ ಸೀಸದ ತಂತಿಯನ್ನು ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ ತೂತಿನಿಂದ ಒತ್ತಿ ತೆಗೆಯುತ್ತಾರೆ. ಸೀಸಕ್ಕೆ ಸ್ಪ್ರಿಂಗ್ ಗುಣವೇ ಇಲ್ಲ. ಒತ್ತಿದಲ್ಲಿಗೆ ಹೋಯಿತು, ಅಲ್ಲೇ ನಿಂತಿತು. ಹಿತ್ತಾಳೆ ಒತ್ತಡ ತೆಗೆದ ಕೂಡಲೇ ಒಂದಿಷ್ಟು ಹಿಂದಕ್ಕೆ ಬರುತ್ತದೆ. ಎರಡನ್ನೂ ಸೇರಿಸಿ ದಪ್ಪದಿಂದ ಸಣ್ಣಕ್ಕೆ ಹಿಸುಕಿದರೆ ಏನಾಗಬೇಕು ಹೇಳಿ? ಸೀಸ ಸಣ್ಣದಾಗಿಯೇ ಉಳಿಯುತ್ತದೆ, ಹಿತ್ತಾಳೆ ಹೊರಕ್ಕೆ ಹಿಗ್ಗುತ್ತದೆ, ನಡುವೆ ಸಂದು ಬಿಡುತ್ತದೆ. ಕವಚ ಸಡಿಲ. ಅದರ ಬದಲು ಅಚ್ಚಿಗಿಂತ ಸ್ವಲ್ಪ ಸಣ್ಣ ಕವಚ ಇಟ್ಟು, ಒಳಗಿನ ಸೀಸದ ಒತ್ತಡದಿಂದ ಹೊರಕ್ಕೆ ಉಬ್ಬಿಸಿದರೆ, ಹಿತ್ತಾಳೆ ಹಿಂದಕ್ಕೆ ಬರುವಾಗ ಸೀಸವನ್ನೇ ಅಪ್ಪಿ ಹಿಡಿಯುತ್ತದೆ. ಅಂಟಿಲ್ಲ, ಬೆಸುಗೆಯಿಲ್ಲ. ಆದ್ದರಿಂದಲೇ ಸೀಸ ತುಂಬಿದ ಮೇಲೆ ಯಾವಾಗಲೂ ಸಣ್ಣದರಿಂದ ದಪ್ಪಕ್ಕೆ ಹೋಗುತ್ತಾರೆ, ದಪ್ಪದಿಂದ ಸಣ್ಣಕ್ಕೆ ಅಲ್ಲ.

ಪಿಸ್ತೂಲಿನ ಗುಂಡಿಗೆ ಖಾಲಿ ಕೇಸು ಹೊಂದುವುದೂ ಈ ನಿಯಮದಿಂದಲೇ. 1902ರ 9 ಮಿಲಿಮೀಟರ್ ಕಾಡತೂಸಿನ ಕೇಸಿನ ಹೊರ ಅಳತೆ 10 ಮಿಲಿಮೀಟರಿಗಿಂತ ಚೂರು ಕಡಿಮೆ. 1990ರಲ್ಲಿ ಬಂದ .40 ಪಿಸ್ತೂಲಿನ ಗುಂಡು 10.16. 9ರ ಕೇಸು .40 ಗುಂಡಿನ ಅಚ್ಚಿನೊಳಗೆ ಹೇಳಿ ಮಾಡಿಸಿದ ಹಾಗೆ ಇಳಿಯುತ್ತದೆ. ಅದೇ ರೀತಿ .40 ಕೇಸು .45 ಗುಂಡಿಗೆ ಕವಚ. ಯಾರೂ ಹೀಗಾಗಲಿ ಅಂತ ವಿನ್ಯಾಸ ಮಾಡಿದ್ದಲ್ಲ. ಅಮೆರಿಕದ ಪೊಲೀಸರು 90ರ ದಶಕದಲ್ಲಿ .40ಗೆ ಹೋಗಿ ಮುಂದೆ ಮತ್ತೆ 9ಕ್ಕೆ ಮರಳಿದರು. ಹಾಗಾಗಿ ಎರಡೂ ಬಗೆಯ ಖಾಲಿ ಕೇಸು ಅಲ್ಲಿ ರಾಶಿ ಬೀಳುತ್ತದೆ. 2013ರಲ್ಲೂ 2020ರಲ್ಲೂ ಅಲ್ಲಿ ಗುಂಡಿನ ಅಭಾವ ಆಯಿತು. ಅಂಥ ಹೊತ್ತಿನಲ್ಲಿ ಯುದ್ಧಕಾಲದ ಈ ಹಳೇ ಉಪಾಯ ಜನಕ್ಕೆ ಮತ್ತೆ ನೆನಪಾಗುತ್ತದೆ.

ಮಿತಿ ಇಲ್ಲವೇ? ಇದೆ. .22 ಕೇಸಿನ ಗೋಡೆ ತೀರಾ ತೆಳು. ರೈಫಲಿನಲ್ಲಿ ಸೆಕೆಂಡಿಗೆ 975 ಮೀಟರ್ ವೇಗ, 35.5 ಸೆಂಟಿಮೀಟರಿಗೆ ಒಂದು ಸುತ್ತಿನ ಗೀರು ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಗುಂಡು ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಆ ಎಳೆತಕ್ಕೆ ತೆಳು ಕವಚ ಹರಿದು, ಗುಂಡು ಗುರಿ ಮುಟ್ಟುವ ಮೊದಲೇ ಗಾಳಿಯಲ್ಲೇ ಚೂರಾಗಬಹುದು. ಪಿಸ್ತೂಲಿನ ವೇಗ ಅದರ ಮೂರನೇ ಒಂದು ಭಾಗದ ಆಸುಪಾಸು. ಅಲ್ಲಿ ಈ ತೊಂದರೆ ಇಲ್ಲ, ಬದಲಿಗೆ ಇನ್ನೊಂದು: ಪಿಸ್ತೂಲ್ ಕೇಸಿನ ತಳ ದಪ್ಪ, ಸೀಸಕ್ಕಿಂತ ಹಗುರ, ಗುಂಡಿನ ತೂಕವೆಲ್ಲ ಮುಂದಕ್ಕೆ ಬರುತ್ತದೆ.

95–5 ನೆನಪಿದೆಯಾ? ಉಕ್ಕಿನ ಸೆಂಟು ಜನಕ್ಕೆ ಹಿಡಿಸಲಿಲ್ಲ. ತುಕ್ಕು ಹಿಡಿಯಿತು, ನೋಡಲು ಬೆಳ್ಳಿಯ ಹತ್ತು ಸೆಂಟಿನ ನಾಣ್ಯದಂತೆ ಕಂಡು ಅಂಗಡಿಗಳಲ್ಲಿ ಜಗಳ. 1944ರಿಂದ 1946ರವರೆಗೆ ಅಮೆರಿಕದ ಟಂಕಸಾಲೆ ಸೇನೆಯ ಖಾಲಿ ಕೇಸುಗಳ ಹಿತ್ತಾಳೆಗೆ ತಾಮ್ರ ಸೇರಿಸಿ ಸೆಂಟು ಹೊಡೆಯಿತು. ಮಿಶ್ರಣ 95 ತಾಮ್ರ, 5 ಸತು. ಗುಂಡಿನ ಕವಚದ ಲೋಹವೇ. ನಾಣ್ಯ ಸಂಗ್ರಹಿಸುವವರು ಅವನ್ನು ಶೆಲ್ ಕೇಸ್ ಸೆಂಟ್ ಅಂತಲೇ ಕರೆಯುತ್ತಾರೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬರು ಕೇಳಿದರು: ಇದನ್ನು ಮಾಡುವವರ ಆರೋಗ್ಯದ ಗತಿ ಏನು?

ಸೀಸ ವಿಷ. ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಹೆಚ್ಚು ಅಪಾಯ. ಬಹಳ ಜನ ಕರಗಿಸುವ ಹೊಗೆಗೆ ಮಾತ್ರ ಹೆದರುತ್ತಾರೆ. ಆದರೆ ಧೂಳು ಅದಕ್ಕಿಂತ ಕಳ್ಳ. ಖಾಲಿ ಕೇಸಿನೊಳಗೂ ಹೊತ್ತಿಸುವ ರಾಸಾಯನಿಕದಿಂದ ಉಳಿದ ಸೀಸದ ಪುಡಿ ಇರುತ್ತದೆ. ಕೈಗೆ, ಬಟ್ಟೆಗೆ ಅಂಟಿ ಮನೆಯೊಳಗೆ ಬರುತ್ತದೆ. ಮುಚ್ಚಿದ ಶೂಟಿಂಗ್ ರೇಂಜುಗಳಲ್ಲಿ ಗಾಳಿಯ ವ್ಯವಸ್ಥೆಗೆ ಅಷ್ಟು ಖರ್ಚು ಮಾಡುವುದು ಅದಕ್ಕೇ.

ಕೊಡಗಿನ ಹುಡುಗನೊಬ್ಬ ಕೇಳಿದ: ಸರ್, ನಮ್ಮ ಮನೆಯಲ್ಲಿ ಕೋವಿಗೆ ಲೈಸೆನ್ಸ್ ಬೇಕಿಲ್ಲ. ನಾವು ಗುಂಡು ಮಾಡಿಕೊಳ್ಳಬಹುದಾ?

ಆಗಲ್ಲಪ್ಪ. ಕೊಡವರಿಗೂ ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ತಯಾರಿಕೆ ಬೇರೆ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಏನು ಅನ್ನುವ ವ್ಯಾಖ್ಯೆ ಓದು. ಅದರ ಬಿಡಿಭಾಗ ಮಾತ್ರವಲ್ಲ, ತಯಾರಿಸುವ ಯಂತ್ರವೂ ಅದರಲ್ಲಿ ಸೇರಿದೆ. ಅಂದರೆ ಆ ಅಚ್ಚು ಕೂಡ ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಅಮೆರಿಕದಲ್ಲಿ ಸ್ವಂತ ಬಳಕೆಗಾದರೆ ಕೇಂದ್ರದ ಲೈಸೆನ್ಸ್ ಬೇಡ, ಮಾರುವುದಾದರೆ ಬೇಕು. ಅವರ ವಿಡಿಯೊ ನೋಡಿ ಇಲ್ಲಿ ಕೈ ಹಾಕುವುದು ಬೇಡ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಿಂದ: ಕೈಯಲ್ಲಿ ಒತ್ತಿದ ಗುಂಡು ಕಾರ್ಖಾನೆಯದಕ್ಕೆ ಸಮ ಬರುತ್ತದಾ?

ಬರುತ್ತದೆ, ಕೆಲವೊಮ್ಮೆ ಮೀರಿಸುತ್ತದೆ. ಬೆಂಚ್‌ರೆಸ್ಟ್ ಅಂತ ಒಂದು ಸ್ಪರ್ಧೆ ಇದೆ. ರೈಫಲನ್ನು ಮೇಜಿನ ಮೇಲೆ ಇಟ್ಟು, ಐದು ಗುಂಡನ್ನು ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹಾಯಿಸಬೇಕು. ಅಲ್ಲಿ ಗೆಲ್ಲುವವರಲ್ಲಿ ಬಹಳ ಜನ ಇವತ್ತೂ ಬಳಸುವುದು ಒಂದೊಂದಾಗಿ ಕೈ ಪ್ರೆಸ್‌ನಲ್ಲಿ ಒತ್ತಿದ ಗುಂಡನ್ನೇ. ಆದರೆ ಅವರು ಖಾಲಿ ಕೇಸು ಮುಟ್ಟುವುದಿಲ್ಲ. ಕವಚಕ್ಕೆಂದೇ ಎಳೆದ ಗಿಲ್ಡಿಂಗ್ ಮೆಟಲ್ ಬಟ್ಟಲು ಕೊಂಡು ತರುತ್ತಾರೆ. ಅದರ ಗೋಡೆ ಸುತ್ತಲೂ ಒಂದೇ ದಪ್ಪ ಇದೆಯಾ ಅಂತ ಅಳೆದು ನೋಡುತ್ತಾರೆ. ಗೋಡೆ ಒಂದು ಕಡೆ ಕೂದಲೆಳೆಯಷ್ಟು ದಪ್ಪವಾದರೂ ಗುಂಡಿನ ತೂಕದ ನಡು ಪಕ್ಕಕ್ಕೆ ಸರಿಯುತ್ತದೆ, ಆ ಸುತ್ತಿನ ವೇಗದಲ್ಲಿ ಅದು ತೂರಾಡುತ್ತಾ ಹೋಗುತ್ತದೆ. ಕೇಸು ಮಾಡಿದವರು ಗೋಡೆಯನ್ನು ಅಷ್ಟು ಸಮ ಇಡುವ ತಲೆಬಿಸಿ ಮಾಡಿಕೊಂಡಿರುವುದಿಲ್ಲ, ಅವರಿಗೆ ಅದರ ಅಗತ್ಯವೂ ಇರಲಿಲ್ಲ. 25 ಮೀಟರ್ ದೂರದ ತಗಡಿನ ಗುರಿಗೆ ಪಿಸ್ತೂಲಿನಲ್ಲಿ ಹೊಡೆಯುವವರಿಗೆ ಅಷ್ಟು ವ್ಯತ್ಯಾಸ ಗೊತ್ತೇ ಆಗುವುದಿಲ್ಲ.